ಪ್ಯಾಚ್ ಕಳಿಸುವ ಮುನ್ನ: ತಂಗಿಯ ಮಗನಿಗೆ ಒಂದಿಷ್ಟು ಕಿವಿಮಾತು

ಪುಟ್ಟಾ, ಮೊನ್ನೆ ಫೋನ್ ಮಾಡಿ ಕೇಳಿದೆಯಲ್ಲ, "ದೊಡ್ಡಮ್ಮ, ಲಿನಕ್ಸ್ ಕರ್ನಲ್‌ಗೆ ನನ್ನ ಮೊದಲನೇ ಪ್ಯಾಚ್ ಕಳಿಸ್ತಾ ಇದೀನಿ, ಕೋಡ್ ಸರಿಯಾಗಿದೆ, ಟೆಸ್ಟೂ ಮಾಡಿದೀನಿ, ಇನ್ನೇನು ನೋಡ್ಕೋಬೇಕು?" ಅಂತ. ನಾನು ಬಸ್ಸಿನಲ್ಲಿದ್ದೆ, ಪೂರ್ತಿ ಹೇಳಲಾಗಲಿಲ್ಲ. ಈಗ ನಿಧಾನವಾಗಿ ಕೂತು ಬರೆಯುತ್ತಿದ್ದೇನೆ. ನಿನ್ನ ಹಾಗೆ ಹೊಸದಾಗಿ ಈ ಕೆಲಸಕ್ಕೆ ಇಳಿದಿರುವ ಬೇರೆ ಮಕ್ಕಳಿಗೂ ಉಪಯೋಗವಾದರೆ ಆಗಲಿ.

ಡ್ರೈವರ್ ಬರೆಯುವುದರಲ್ಲೇ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಳೆದೆ. ಕೊನೆಯ ಹತ್ತು ವರ್ಷ ಬರೆದದ್ದಕ್ಕಿಂತ ಬೇರೆಯವರದ್ದನ್ನು ಓದಿದ್ದೇ ಜಾಸ್ತಿ. ಓದುವವರ ಜಾಗದಲ್ಲಿ ಕೂತ ಮೇಲೆ ಒಂದು ವಿಷಯ ಅರ್ಥವಾಯಿತು. ಪ್ಯಾಚ್ ಎಂದರೆ ಮುಖಪರಿಚಯವೂ ಇಲ್ಲದ ಒಬ್ಬರ ಹತ್ತಿರ "ನಿಮ್ಮ ಅರ್ಧ ಗಂಟೆ ಕೊಡಿ" ಎಂದು ಕೇಳುವ ಪತ್ರ. ಆ ಅರ್ಧ ಗಂಟೆ ಪೋಲಾಗದ ಹಾಗೆ ನೋಡಿಕೊಳ್ಳುವುದೇ ಇಲ್ಲಿನ ಮರ್ಯಾದೆ.

ಈ ಕಾಲದಲ್ಲೂ ಇಮೇಲ್ ಯಾಕೆ ಎಂದು ನೀನು ಕೇಳಿದ್ದಕ್ಕೂ ಉತ್ತರ ಕೊಡಬೇಕು. 1985ರಲ್ಲಿ ಲ್ಯಾರಿ ವಾಲ್ 'ಪ್ಯಾಚ್' ಎಂಬ ಪುಟ್ಟ ಪ್ರೋಗ್ರಾಂ ಬರೆದರು. ಪರ್ಲ್ ಭಾಷೆ ಕಟ್ಟುವುದಕ್ಕೂ ಮುಂಚಿನ ಮಾತು ಅದು. ಇಡೀ ಫೈಲ್ ಕಳಿಸುವ ಬದಲು ಬದಲಾದ ಸಾಲುಗಳನ್ನಷ್ಟೇ ಪತ್ರದಲ್ಲಿ ಬರೆದು ಕಳಿಸಿದರೆ, ಆಚೆ ಕಡೆಯವರು ಆ ಪ್ರೋಗ್ರಾಂ ಓಡಿಸಿ ತಮ್ಮ ಪ್ರತಿಯನ್ನು ತಿದ್ದಿಕೊಳ್ಳಬಹುದಿತ್ತು. 1991ರ ಆಗಸ್ಟ್‌ನಲ್ಲಿ ಲೀನಸ್ ಟೊರ್ವಾಲ್ಡ್ಸ್ ತಮ್ಮ ಕರ್ನಲ್ ಸುದ್ದಿ ಹೊರಹಾಕಿದ ಮೇಲೆ ಜಗತ್ತಿನ ಮೂಲೆಮೂಲೆಯಿಂದ ತಿದ್ದುಪಡಿಗಳು ಹೀಗೇ ಬಂದವು. 2002ರವರೆಗೆ ಲೀನಸ್ ಅವನ್ನು ಕೈಯಾರೆ ಸೇರಿಸುತ್ತಿದ್ದರು. ಆಮೇಲೆ ಆ ಕೆಲಸಕ್ಕೆ ಬಿಟ್‌ಕೀಪರ್ ಎಂಬ ಸಲಕರಣೆ ಬಂತು. 2005ರ ಏಪ್ರಿಲ್‌ನಲ್ಲಿ ಅದು ಕೈತಪ್ಪಿದಾಗ ಗಿಟ್ ಹುಟ್ಟಿತು. ಮೇಲ್‌ನಲ್ಲಿ ಬಂದ ಪ್ಯಾಚ್‌ಗಳನ್ನು ನುಂಗುವ ಹಾಗೆ ಗಿಟ್ಟನ್ನು ಹೊಂದಿಸಿದ್ದಾರೆ. ಬರೆದವರು ಯಾರು, ಒಳಗೆ ಸೇರಿಸಿದವರು ಯಾರು ಎಂದು ಎರಡು ಬೇರೆ ಹೆಸರುಗಳನ್ನು ಅದು ಇಟ್ಟುಕೊಳ್ಳುವುದು ಅದಕ್ಕೇ. ಮೇಲ್ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ, ಹಳೆಯ ಯಂತ್ರದಲ್ಲೂ ನಡೆಯುತ್ತದೆ, ನೆಟ್ ಇಲ್ಲದ ರೈಲಿನಲ್ಲೂ ಓದಬಹುದು. ನನಗಂತೂ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೂ ಕಂಡಿಲ್ಲ.

• ಮೊದಲು ನಿನ್ನ ಮೇಲ್ ಪ್ರೋಗ್ರಾಂ ಮೇಲೆ ಅನುಮಾನಪಡು. ಕರ್ನಲ್ ಕೋಡಿನಲ್ಲಿ ಸಾಲು ಒಳಗೆ ಸರಿಯುವುದು ಟ್ಯಾಬ್‌ನಿಂದ, ಒಂದೊಂದು ಟ್ಯಾಬ್ ಎಂಟು ಅಕ್ಷರದಗಲ. ಜಿಮೇಲ್ ಅನ್ನು ಬ್ರೌಸರ್‌ನಲ್ಲಿ ತೆರೆದು ಅಂಟಿಸಿದರೆ ಟ್ಯಾಬ್‌ಗಳೆಲ್ಲ ಸ್ಪೇಸ್‌ಗಳಾಗುತ್ತವೆ, 78 ಅಕ್ಷರ ದಾಟಿದ ಸಾಲು ಎರಡಾಗಿ ಮುರಿಯುತ್ತದೆ. ಕಣ್ಣಿಗೆ ಏನೂ ವ್ಯತ್ಯಾಸ ಕಾಣದು. ಆದರೆ ಪ್ಯಾಚ್ ತನ್ನ ಜಾಗ ಹುಡುಕಿಕೊಳ್ಳುವುದು ಬದಲಾದ ಸಾಲಿನ ಮೇಲೆ ಮೂರು, ಕೆಳಗೆ ಮೂರು ಸಾಲುಗಳ ಗುರುತಿನಿಂದ. ಆ ಸಾಲುಗಳಲ್ಲಿ ಟ್ಯಾಬ್ ಹೋಗಿ ಸ್ಪೇಸ್ ಬಂದರೆ ಗುರುತು ತಪ್ಪಿ, ಪ್ಯಾಚ್ ಕೂರುವುದೇ ಇಲ್ಲ. ಎಚ್‌ಟಿಎಂಎಲ್ ಮೇಲ್ ಆದರಂತೂ ಕರ್ನಲ್‌ನವರೆಲ್ಲ ಓದುವ ಮೇಲಿಂಗ್ ಲಿಸ್ಟಿನ ಸರ್ವರ್ ಅದನ್ನು ಬಾಗಿಲಲ್ಲೇ ತಡೆಯುತ್ತದೆ, ಲಿಸ್ಟಿಗೆ ತಲುಪದು. ಆದ್ದರಿಂದ ನಕಲು ಮಾಡಿ ಅಂಟಿಸುವ ಸಹವಾಸವೇ ಬೇಡ. ಗಿಟ್ ಫಾರ್ಮ್ಯಾಟ್-ಪ್ಯಾಚ್‌ನಿಂದ ಫೈಲ್ ಮಾಡಿಕೋ, ಗಿಟ್ ಸೆಂಡ್-ಇಮೇಲ್‌ನಿಂದ ಕಳಿಸು. ನಿನ್ನ ಜಿಮೇಲ್ ಖಾತೆಯನ್ನೇ ಇದರೊಳಗೆ ಜೋಡಿಸಬಹುದು, ತೊಂದರೆ ಕೊಡುವುದು ಅದರ ಬ್ರೌಸರ್ ಪುಟ ಮಾತ್ರ.

• ಆಫೀಸಿನ ಮೇಲ್ ಬಗ್ಗೆ ಇನ್ನೂ ಎಚ್ಚರ ಬೇಕು. ನಾನಿದ್ದ ಒಂದು ಕಂಪನಿಯಲ್ಲಿ ಹೊರಗೆ ಹೋಗುವ ಪ್ರತಿ ಮೇಲ್‌ನ ಅಡಿಗೂ "ಇದು ಗೌಪ್ಯ, ನೀವು ಉದ್ದೇಶಿತ ಓದುಗರಲ್ಲದಿದ್ದರೆ ಅಳಿಸಿಹಾಕಿ" ಎಂಬ ಹತ್ತು ಸಾಲನ್ನು ಸರ್ವರ್ ತಾನಾಗಿ ಅಂಟಿಸುತ್ತಿತ್ತು. ನಾವು ಕಳಿಸುತ್ತಿದ್ದುದು ಲೋಕಕ್ಕೆಲ್ಲ ತೆರೆದಿಡುವ ಕೋಡ್. ಗೌಪ್ಯ ಎಂದು ಬರೆದುಕೊಂಡ ಕೋಡನ್ನು, ಕರ್ನಲ್‌ನ ಒಂದೊಂದು ಭಾಗದ ಉಸ್ತುವಾರಿ ಹೊತ್ತ ಯಾವ ಮೇಂಟೇನರ್ ಮುಟ್ಟುತ್ತಾರೆ? ಆರು ವಾರ ನಮ್ಮ ತಂಡದ ಒಂದು ಪ್ಯಾಚನ್ನೂ ಯಾರೂ ಕಣ್ಣೆತ್ತಿ ನೋಡಲಿಲ್ಲ. ಕಾರಣ ತಿಳಿಯದೆ ನಮ್ಮ ಹುಡುಗರು ಕೋಡನ್ನೇ ಮತ್ತೆ ಮತ್ತೆ ತಿದ್ದುತ್ತಾ ಕೂತರು. ಕೊನೆಗೆ ಒಬ್ಬರು ಕರುಣೆಯಿಂದ ಎರಡು ಸಾಲು ಬರೆದು ತಿಳಿಸಿದರು. ನೀನು ಮೊದಲೇ ಐಟಿ ವಿಭಾಗದವರನ್ನು ಕೇಳಿ ಆ ಅಡಿಬರಹ ತೆಗೆಸು. ಆಗುವುದಿಲ್ಲ ಎಂದರೆ ಬಿ4 ಎಂಬ ಸಲಕರಣೆಯಿದೆ, ಆಫೀಸಿನ ಮೇಲ್ ಸರ್ವರ್ ಬಳಸದೆ ಕರ್ನಲ್‌ನವರ ದಾರಿಯಲ್ಲೇ ಕಳಿಸಲು ಅದು ನೆರವಾಗುತ್ತದೆ.

• ಅಟ್ಯಾಚ್‌ಮೆಂಟ್ ಬೇಡ, ಜಿಪ್ ಬೇಡ, ಸ್ಕ್ರೀನ್‌ಶಾಟ್ ಬೇಡವೇ ಬೇಡ. ಓದುವವರು ನಿನ್ನ ಸಾಲಿನ ಕೆಳಗೇ ತಮ್ಮ ಮಾತು ಬರೆಯಬೇಕು. ಚಿತ್ರದೊಳಗಿನ ಸಾಲಿಗೆ ಯಾರೂ ಉತ್ತರ ಬರೆಯಲಾರರು. ಎರರ್ ಬಂದಿದ್ದರೆ ಅದರ ಅಕ್ಷರಗಳನ್ನೇ ಹಾಕು.

• ಯಾರಿಗೆ ಕಳಿಸಬೇಕು ಎಂಬುದನ್ನು ಊಹಿಸಬೇಡ. ಕರ್ನಲ್ ಕೋಡಿನೊಳಗೆ ಮೇಂಟೇನರ್ಸ್ ಎಂಬ ಫೈಲ್ ಇದೆ, 20,000ಕ್ಕೂ ಹೆಚ್ಚು ಸಾಲುಗಳದ್ದು. ಯಾವ ಡ್ರೈವರ್ ಯಾರ ಉಸ್ತುವಾರಿಯಲ್ಲಿದೆ ಎಂದು ಅದರಲ್ಲಿ ಬರೆದಿದೆ. ಅದನ್ನು ಓದಿ ವಿಳಾಸ ತೆಗೆದುಕೊಡಲು ಗೆಟ್-ಮೇಂಟೇನರ್ ಎಂಬ ಸ್ಕ್ರಿಪ್ಟ್ ಇದೆ. ನಿನ್ನ ಪ್ಯಾಚನ್ನು ಅದಕ್ಕೆ ತೋರಿಸು, ಬಂದ ಪಟ್ಟಿಯನ್ನು ಕಣ್ಣಾಡಿಸಿ ನೋಡು. ಲೀನಸ್‌ಗೇ ನೇರ ಕಳಿಸಿದರೆ ಬೇಗ ಆಗಬಹುದು ಎಂಬ ಆಸೆ ಬೇಡ. ತಾಲ್ಲೂಕು ಕಚೇರಿಯ ಕೆಲಸಕ್ಕೆ ವಿಧಾನಸೌಧದ ಮೆಟ್ಟಿಲು ಹತ್ತಿದ ಹಾಗಾಗುತ್ತದೆ.

• ಒಂದು ಪ್ಯಾಚ್, ಒಂದೇ ಕೆಲಸ. ಬಗ್ ಸರಿಮಾಡುವಾಗ ಪಕ್ಕದ ಕಾಮೆಂಟಿನಲ್ಲಿ ಕಾಗುಣಿತ ತಪ್ಪು ಕಾಣುತ್ತದೆ, ಅದರ ಕೆಳಗೆ ವಕ್ರವಾಗಿ ಕೂತ ಬ್ರ್ಯಾಕೆಟ್ ಕಾಣುತ್ತದೆ, ಕೈ ಹೋಗುತ್ತದೆ. ತಡೆದುಕೋ. ಮೂರನ್ನೂ ಒಂದೇ ಪ್ಯಾಚಿನಲ್ಲಿ ಸೇರಿಸಿದರೆ ಓದುವವರು ಮೂವತ್ತು ಬದಲಾದ ಸಾಲುಗಳ ನಡುವೆ ನಿಜವಾದ ಎರಡು ಸಾಲನ್ನು ಹುಡುಕಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸವನ್ನು ಅವರ ಮೇಲೆ ಹೊರಿಸಬೇಡ, ಆರಿಸಿಯೇ ಕೊಡು. ಕೋಡನ್ನು ಒಂದು ಫೈಲಿನಿಂದ ಇನ್ನೊಂದಕ್ಕೆ ಸಾಗಿಸುವುದಿದ್ದರೆ ಒಂದು ಪ್ಯಾಚಿನಲ್ಲಿ ಬರೀ ಸಾಗಣೆ ಮಾಡು, ಮುಂದಿನದರಲ್ಲಿ ತಿದ್ದು.

ಇದಕ್ಕೆ ಇನ್ನೂ ಗಟ್ಟಿಯಾದ ಕಾರಣವಿದೆ. ಕರ್ನಲ್‌ನ ಒಂದೊಂದು ಬಿಡುಗಡೆಗೂ 10,000ಕ್ಕೂ ಹೆಚ್ಚು ಬದಲಾವಣೆಗಳು ಸೇರುತ್ತವೆ. ಯಾವುದೋ ಒಂದರಿಂದ ಯಾರದೋ ಲ್ಯಾಪ್‌ಟಾಪ್ ನಿದ್ದೆಯಿಂದ ಏಳುವುದಿಲ್ಲ. ಅದನ್ನು ಹಿಡಿಯಲು ಗಿಟ್ ಬೈಸೆಕ್ಟ್ ಬಳಸುತ್ತಾರೆ: ಬದಲಾವಣೆಗಳ ಸಾಲನ್ನು ಅರ್ಧಕ್ಕೆ ಕತ್ತರಿಸಿ ನಡುವಿನದನ್ನು ಪರೀಕ್ಷಿಸು, ತಪ್ಪು ಯಾವ ಅರ್ಧದಲ್ಲಿದೆ ನೋಡು, ಮತ್ತೆ ಅರ್ಧ ಮಾಡು. ಹದಿನಾಲ್ಕು ಸಲ ಹೀಗೆ ಮಾಡಿದರೆ ಆ 10,000ದಲ್ಲಿ ಅಪರಾಧಿ ಸಿಕ್ಕಿಬಿಡುತ್ತಾನೆ. ನಿನ್ನ ಐದು ಪ್ಯಾಚ್‌ಗಳ ಸೀರೀಸ್‌ನಲ್ಲಿ ಎರಡನೆಯದು ಬಿಲ್ಡ್ ಆಗದೆ ನಿಂತು ಮೂರನೆಯದು ಅದನ್ನು ಸರಿಮಾಡುವಂತಿದ್ದರೆ, ಹುಡುಕುತ್ತಾ ಬಂದವರು ಸರಿಯಾಗಿ ಅಲ್ಲಿಗೇ ಬಂದು ಸಿಕ್ಕಿಹಾಕಿಕೊಳ್ಳುತ್ತಾರೆ. ಆದ್ದರಿಂದ ಒಂದೊಂದನ್ನೂ ಸೇರಿಸಿ ಒಂದೊಂದು ಸಲ ಬಿಲ್ಡ್ ಮಾಡಿ ನೋಡು. ಬೇಜಾರಿನ ಕೆಲಸ, ಆದರೂ ಮಾಡು.

• ಒಂದೇ ಸಲಕ್ಕೆ ಹದಿನೈದಕ್ಕಿಂತ ಹೆಚ್ಚು ಪ್ಯಾಚ್ ಸುರಿಯಬೇಡ. ಕರ್ನಲ್‌ನವರು ತಮ್ಮ ನಿಯಮದಲ್ಲೇ ಈ ಸಂಖ್ಯೆ ಬರೆದಿದ್ದಾರೆ.

• ಸಬ್ಜೆಕ್ಟ್ ಸಾಲು 70-75 ಅಕ್ಷರದೊಳಗೆ ಇರಲಿ. ಮೊದಲು ಕೋಡ್ ಯಾವ ಭಾಗಕ್ಕೆ ಸೇರಿದ್ದು ಎಂಬುದು, ಕೋಲನ್, ಆಮೇಲೆ ಏನು ಮಾಡುತ್ತಿದ್ದೀಯ ಎಂಬುದು. "ಬಗ್ ಸರಿಮಾಡಿದೆ" ಎಂದರೆ ಯಾವ ಬಗ್ ಎಂದು ಯಾರಿಗೆ ಗೊತ್ತಾಗಬೇಕು? ಐದು ವರ್ಷದ ನಂತರ ಲಾಗ್ ಹುಡುಕುವವರಿಗೆ ಕಾಣುವುದು ಈ ಒಂದೇ ಸಾಲು. ಆ ಫೈಲಿನ ಹಳೆಯ ಕಮಿಟ್‌ಗಳನ್ನು ತೆರೆದು ನೋಡು. ಹಿಂದಿನವರು ಮುಂದೆ ಯಾವ ಹೆಸರು ಹಾಕಿದ್ದಾರೋ ನೀನೂ ಅದನ್ನೇ ಹಾಕು.

• ವಿವರಣೆಗೆ ಕೋಡಿಗೆ ಕೊಟ್ಟಷ್ಟೇ ಹೊತ್ತು ಕೊಡು. ಏನು ಬದಲಾಯಿತು ಎಂಬುದು ಕೋಡಿನಲ್ಲೇ ಕಾಣುತ್ತದೆ. ಯಾಕೆ ಬದಲಾಯಿತು ಎಂಬುದು ನಿನ್ನ ತಲೆಯೊಳಗೆ ಮಾತ್ರ ಇದೆ, ನೀನು ಬರೆಯದಿದ್ದರೆ ಅದು ನಿನ್ನ ಜೊತೆಗೇ ಹೋಗುತ್ತದೆ. ಮೊದಲು ತೊಂದರೆ ಏನು ಎಂದು ಹೇಳು: ಯಾವ ಯಂತ್ರದಲ್ಲಿ, ಏನು ಮಾಡಿದಾಗ, ಬಳಸುವವರಿಗೆ ಏನಾಗುತ್ತದೆ. ಆಮೇಲೆ ಕಾರಣ ಹೇಳು. ಕೊನೆಗೆ, ನೀನು ಆರಿಸಿದ ದಾರಿ ಯಾಕೆ ಸರಿ, ಬೇರೆ ದಾರಿ ಯೋಚಿಸಿದ್ದರೆ ಅದನ್ನು ಯಾಕೆ ಬಿಟ್ಟೆ ಎಂದು ಹೇಳು. ವೇಗ ಹೆಚ್ಚಿತು ಎನ್ನುವುದಾದರೆ ಎಷ್ಟರಿಂದ ಎಷ್ಟಕ್ಕೆ ಎಂದು ಅಂಕಿ ಕೊಡು. ಅಂಕಿಯಿಲ್ಲದ "ತುಂಬಾ ವೇಗ" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಇಂಗ್ಲಿಷ್ ಚೆನ್ನಾಗಿ ಬರುವುದಿಲ್ಲ ಎಂಬ ಹಿಂಜರಿಕೆ ನಿನಗಿದೆ, ನನಗೂ ಇತ್ತು. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದವಳು ನಾನು. ಇಲ್ಲಿ ಬೇಕಿರುವುದು ಅಲಂಕಾರದ ಭಾಷೆಯಲ್ಲ, ಸಣ್ಣ ಸಣ್ಣ ವಾಕ್ಯ ಸಾಕು. ಯೋಚನೆ ಸ್ಪಷ್ಟವಾಗುವವರೆಗೆ ನಾನು ಮೊದಲು ಕನ್ನಡದಲ್ಲೇ ಒಂದು ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದೆ, ಆಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಯಾವ ಮೇಂಟೇನರೂ ನನ್ನ ವ್ಯಾಕರಣಕ್ಕಾಗಿ ಪ್ಯಾಚ್ ಹಿಂದಕ್ಕೆ ಕಳಿಸಲಿಲ್ಲ. ಕಾರಣ ಬರೆಯದೆ ಕಳಿಸಿದಾಗ ಮಾತ್ರ ಹಿಂದಕ್ಕೆ ಬಂದಿದೆ. ಇನ್ನೊಂದು ರೂಢಿ ತಿಳಿದಿರಲಿ: "ನಾನು ಇದನ್ನು ಬದಲಿಸಿದೆ" ಎಂದು ಬರೆಯದೆ, ಕೋಡಿಗೆ ಆಜ್ಞೆ ಕೊಟ್ಟ ಹಾಗೆ "ಇದನ್ನು ಬದಲಿಸು" ಎಂಬ ಧಾಟಿಯಲ್ಲಿ ಬರೆಯಬೇಕು.

• ನೀನು ಸರಿಮಾಡುತ್ತಿರುವ ತಪ್ಪು ಯಾವ ಹಳೆಯ ಕಮಿಟ್‌ನಿಂದ ಬಂತು ಎಂದು ಗೊತ್ತಿದ್ದರೆ 'ಫಿಕ್ಸಸ್' ಸಾಲು ಹಾಕು. ಆ ಕಮಿಟ್ ಗುರುತಿನ ಮೊದಲ 12 ಅಕ್ಷರ, ಪಕ್ಕದಲ್ಲಿ ಅದರ ಶೀರ್ಷಿಕೆ. ಸಾಲು ಎಷ್ಟೇ ಉದ್ದವಾದರೂ ಮುರಿಯಬೇಡ. ಹಳೆಯ ಕರ್ನಲ್‌ಗಳನ್ನು ಕಾಪಾಡಿಕೊಂಡು ಬರುವವರು ಈ ಸಾಲನ್ನು ನೋಡಿಯೇ ನಿನ್ನ ತಿದ್ದುಪಡಿ ತಮಗೂ ಬೇಕೇ ಎಂದು ನಿರ್ಧರಿಸುತ್ತಾರೆ. ಆ ತಪ್ಪು ಮಾಡಿದವರನ್ನು ಮೇಲ್‌ನಲ್ಲಿ ಸೇರಿಸಿಕೋ, ಆದರೆ ದೂಷಿಸಬೇಡ. ಎಲ್ಲರ ಹೆಸರೂ ಒಂದಲ್ಲ ಒಂದು ದಿನ ಯಾರದೋ ಫಿಕ್ಸಸ್ ಸಾಲಿನಲ್ಲಿ ಬರುತ್ತದೆ.

• 'ಸೈನ್ಡ್-ಆಫ್-ಬೈ' ಅಂದರೆ ಸಹಿ, ಕಣೋ. ಪ್ಯಾಚಿನ ಅಡಿಯಲ್ಲಿ ಅಭ್ಯಾಸಬಲದಿಂದ ಹಾಕುವ ಸಾಲೆಂದು ತಿಳಿಯಬೇಡ. 2003ರಲ್ಲಿ ಎಸ್‌ಸಿಓ ಎಂಬ ಕಂಪನಿ ತನ್ನ ಕೋಡ್ ಲಿನಕ್ಸ್‌ನೊಳಗೆ ಸೇರಿದೆ ಎಂದು ಐಬಿಎಂ ಮೇಲೆ ದಾವೆ ಹೂಡಿತು. ಯಾವ ಸಾಲು ಯಾರಿಂದ ಬಂತು ಎಂದು ತೋರಿಸುವ ಸರಿಯಾದ ಲೆಕ್ಕ ಆಗ ಇರಲಿಲ್ಲ. ಮರುವರ್ಷ, 2004ರಲ್ಲಿ, ಈ ಸಹಿಯ ಪದ್ಧತಿ ಬಂತು. "ಈ ಕೋಡ್ ನಾನೇ ಬರೆದದ್ದು, ಅಥವಾ ಇದನ್ನು ಈ ಲೈಸೆನ್ಸ್‌ನಡಿ ಕೊಡುವ ಹಕ್ಕು ನನಗಿದೆ" ಎಂದು ನೀನು ಅದರ ಮೂಲಕ ಒಪ್ಪಿಕೊಳ್ಳುತ್ತೀಯ. ಕಂಪನಿಯ ಕೋಡಾದರೆ ಮ್ಯಾನೇಜರ್ ಹತ್ತಿರ ಬಾಯಿಮಾತಲ್ಲಿ ಕೇಳಿದ್ದು ಸಾಲದು, ಬರವಣಿಗೆಯಲ್ಲಿ ಒಪ್ಪಿಗೆ ಪಡೆ. ಈಗ ಯಂತ್ರವೇ ಕೋಡ್ ಬರೆದುಕೊಡುವ ಕಾಲ ಬಂದಿದೆ. ಯಾರೇ ಬರೆದುಕೊಟ್ಟರೂ ಸಹಿ ನಿನ್ನದು. ಸಾಲುಸಾಲಾಗಿ ನೀನು ವಿವರಿಸಲಾರದ ಕೋಡಿಗೆ ಸಹಿ ಹಾಕಬೇಡ.

ಬೇರೆಯವರ ಹೆಸರನ್ನು ಅವರ ಮಾತಿಲ್ಲದೆ ಹಾಕಬೇಡ. ಪಕ್ಕದ ಸೀಟಿನ ಸ್ನೇಹಿತ ಒಂದು ಸಲ ಇಣುಕಿ "ಚೆನ್ನಾಗಿದೆ" ಎಂದರೆ ಅದು, ಓದಿ ಒಪ್ಪಿದ್ದೇನೆ ಎಂದು ಹೇಳುವ 'ರಿವ್ಯೂಡ್-ಬೈ' ಸಾಲು ಆಗುವುದಿಲ್ಲ. ಅವನೇ ಮೇಲ್‌ನಲ್ಲಿ ಆ ಸಾಲು ಬರೆದು ಕಳಿಸಲಿ. ಆಫೀಸಿನಲ್ಲಿ ದೊಡ್ಡವರ ಹೆಸರು ಸೇರಿಸಿದರೆ ತೂಕ ಬರುತ್ತದೆ ಎಂದು ಮಾಡುವುದನ್ನು ನೋಡಿದ್ದೇನೆ. ಅದು ಸುಳ್ಳುಸಾಕ್ಷಿ. ಒಂದು ಸಲ ಗೊತ್ತಾದರೆ ಆ ಹೆಸರನ್ನು ಮತ್ತೆ ಯಾರೂ ನಂಬುವುದಿಲ್ಲ.

• ಹೆಸರಿನ ಬಗ್ಗೆ ನಮ್ಮ ಕಡೆಯವರಿಗೆ ಒಂದು ಮಾತು. ನಮ್ಮ ಹೆಸರಿನಲ್ಲಿ ಊರಿದೆ, ಅಪ್ಪನ ಹೆಸರಿದೆ, ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಅಂಕಪಟ್ಟಿಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು, ಆಫೀಸಿನ ಮೇಲ್‌ನಲ್ಲಿ ಮತ್ತೊಂದು. ಗಿಟ್‌ಗೆ ಇವೆಲ್ಲ ಬೇರೆ ಬೇರೆ ಮನುಷ್ಯರು. ಮೇಲ್ ಕಳಿಸಿದವರ ಹೆಸರಿಗೂ ಸಹಿಯ ಹೆಸರಿಗೂ ತಾಳೆಯಾಗದಿದ್ದರೆ, ಪ್ಯಾಚಿನಲ್ಲಿ ತಪ್ಪು ಹುಡುಕುವ ಚೆಕ್‌ಪ್ಯಾಚ್ ಎಂಬ ಸ್ಕ್ರಿಪ್ಟ್ ಎಚ್ಚರಿಸುತ್ತದೆ. ಇವತ್ತೇ ಕೂತು ಒಂದು ರೂಪ ಗೊತ್ತುಮಾಡಿಕೋ, ಕೊನೆಯವರೆಗೂ ಅದನ್ನೇ ಬಳಸು. ಕಂಪನಿ ಬದಲಾಗಿ ವಿಳಾಸ ಬದಲಾದರೆ 'ಮೇಲ್‌ಮ್ಯಾಪ್' ಫೈಲಿನಲ್ಲಿ ಹಳೆಯದನ್ನೂ ಹೊಸದನ್ನೂ ಜೋಡಿಸಬಹುದು.

• "ಡಿಯರ್ ಸರ್" ಬೇಡ. ನನಗೆ ಎಷ್ಟು ಸಲ ಹಾಗೆ ಬಂದಿದೆ ಎಂದರೆ ಲೆಕ್ಕ ಇಟ್ಟಿಲ್ಲ. ಇಲ್ಲಿ ಎಲ್ಲರೂ ಹೆಸರು ಹಿಡಿದೇ ಮಾತಾಡುತ್ತಾರೆ, ಅದು ಅಗೌರವವಲ್ಲ. ಪ್ಯಾಚ್ ಇರುವ ಮೇಲ್‌ನಲ್ಲಿ ನಮಸ್ಕಾರ, ಕುಶಲ ಏನೂ ಬರೆಯಬೇಡ, ಬರೆದರೆ ಅದೂ ಕಮಿಟ್ ಒಳಗೆ ಹೋಗಿ ಕೂರುತ್ತದೆ. ಅಂಥ ಮಾತಿಗೆ ಸೀರೀಸ್‌ನ ಮುಂದೆ ಹೋಗುವ ಕವರ್ ಲೆಟರ್ ಇದೆ. ಒಂಟಿ ಪ್ಯಾಚ್ ಆದರೆ ಮೂರು ಅಡ್ಡಗೆರೆಯ ಸಾಲಿನ ಕೆಳಗೆ ಜಾಗವಿದೆ. ಆ ಗೆರೆಯ ಕೆಳಗೆ ಬರೆದದ್ದನ್ನು ಓದುವವರು ನೋಡುತ್ತಾರೆ, ಗಿಟ್ ಬಿಟ್ಟುಬಿಡುತ್ತದೆ. "ಪ್ಲೀಸ್ ರಿವರ್ಟ್" ಎಂಬ ನಮ್ಮ ಆಫೀಸಿನ ಮಾತನ್ನಂತೂ ಇಲ್ಲಿ ಮರೆತುಬಿಡು. ಉತ್ತರ ಕೊಡಿ ಎಂಬ ಅರ್ಥದಲ್ಲಿ ನಾವು ಬರೆಯುತ್ತೇವೆ. ಗಿಟ್ ಬಳಸುವವರಿಗೆ ರಿವರ್ಟ್ ಎಂದರೆ ಸೇರಿಸಿದ ಕೋಡನ್ನು ಕಿತ್ತುಹಾಕು ಎಂದರ್ಥ.

• ಕಳಿಸುವ ಮುನ್ನ ನಿನಗೆ ನೀನೇ ಕಳಿಸಿಕೋ. ನಿನ್ನ ತಾತ ಇನ್‌ಲ್ಯಾಂಡ್ ಲೆಟರ್ ಬರೆದರೆ ಮಡಚಿ ಅಂಟಿಸುವ ಮುಂಚೆ ಜಗಲಿಯ ಮೇಲೆ ಕೂತು ಒಮ್ಮೆ ಗಟ್ಟಿಯಾಗಿ ಓದುತ್ತಿದ್ದರು. ಅಂಟಿಸಿದ ಮೇಲೆ ತಿದ್ದಲು ಆಗುವುದಿಲ್ಲವಲ್ಲ. ಇದೂ ಹಾಗೇ. ನಿನ್ನ ವಿಳಾಸಕ್ಕೆ ಬಂದ ಮೇಲ್ ಅನ್ನು ಫೈಲಾಗಿ ಉಳಿಸಿ, ಹೊಸದಾಗಿ ಇಳಿಸಿದ ಕೋಡಿನ ಮೇಲೆ ಗಿಟ್ ಆಮ್ ಓಡಿಸು. ಸರಿಯಾಗಿ ಕೂತರೆ ಮೇಲ್ ದಾರಿಯಲ್ಲಿ ಕೆಟ್ಟಿಲ್ಲ ಎಂದರ್ಥ. ಚೆಕ್‌ಪ್ಯಾಚ್ ಓಡಿಸುವುದೂ ಆಗಲೇ. ಅದು ಹೇಳಿದ್ದೆಲ್ಲ ವೇದವಾಕ್ಯವಲ್ಲ, ಆದರೆ ಅದರ ಮಾತು ಮೀರುವುದಾದರೆ ಕಾರಣ ನಿನ್ನ ಹತ್ತಿರ ಇರಲಿ. ನೀನು ಬರೆದದ್ದನ್ನು ರಾತ್ರಿ ಇಟ್ಟು ಬೆಳಗ್ಗೆ ಇನ್ನೊಮ್ಮೆ ಓದು. ನನ್ನ ಅರ್ಧದಷ್ಟು ತಪ್ಪುಗಳು ಬೆಳಗಿನ ಕಾಫಿಯ ಹೊತ್ತಿಗೆ ನನಗೇ ಸಿಕ್ಕಿವೆ.

• ಆಮೇಲೆ ಕಾಯಬೇಕು. ಕಷ್ಟದ ಭಾಗ ಇದೇ. ಕಡೇಪಕ್ಷ ಒಂದು ವಾರ ಸುಮ್ಮನಿರು. ಎರಡು ಮೂರು ವಾರ ಆದರೂ ಆಶ್ಚರ್ಯವಿಲ್ಲ. ಒಂದು ಕರ್ನಲ್ ಬಿಡುಗಡೆಯಾದ ಮೇಲೆ ಎರಡು ವಾರ ಮರ್ಜ್ ವಿಂಡೋ ಇರುತ್ತದೆ. ಆಗ ಮೇಂಟೇನರ್‌ಗಳು ಒಟ್ಟುಮಾಡಿಟ್ಟದ್ದನ್ನು ಲೀನಸ್‌ಗೆ ಒಪ್ಪಿಸುವ ಗಡಿಬಿಡಿಯಲ್ಲಿರುತ್ತಾರೆ. ಮದುವೆ ಮನೆಯಲ್ಲಿ ಪಂಕ್ತಿ ಕೂತಿರುವಾಗ ಅಡುಗೆಯವರ ಹತ್ತಿರ ಹೊಸ ರೆಸಿಪಿ ಕೇಳಿದರೆ ಹೇಗೆ? ನೆಟ್‌ವರ್ಕಿಂಗ್ ವಿಭಾಗದವರು ಆ ಎರಡು ವಾರ ಹೊಸ ಫೀಚರ್‌ಗಳಿಗೆ ಬಾಗಿಲನ್ನೇ ಹಾಕುತ್ತಾರೆ. ಇಡೀ ಚಕ್ರ 9-10 ವಾರದ್ದು. ಮರ್ಜ್ ವಿಂಡೋ ಮುಗಿದ ಗುರುತಾದ ಆರ್‌ಸಿ-1 ಅಮೆರಿಕದ ಭಾನುವಾರ ಬರುತ್ತದೆ, ನಮಗೆ ಬಹುತೇಕ ಸೋಮವಾರ ಬೆಳಗ್ಗೆ ಕಾಣುತ್ತದೆ. ಹೊಸ ಕೆಲಸ ಕಳಿಸಲು ಅದು ಒಳ್ಳೆಯ ಮುಹೂರ್ತ.

ಕಾದೂ ಉತ್ತರ ಬರದಿದ್ದರೆ ಅದೇ ಮೇಲ್‌ಗೆ ಒಂದು ಸಾಲಿನ ವಿನಯದ ಜ್ಞಾಪನೆ ಸಾಕು. ಒಂದಕ್ಷರವೂ ಬದಲಿಸದೆ ಮತ್ತೆ ಕಳಿಸುವುದಾದರೆ ಸಬ್ಜೆಕ್ಟ್‌ನಲ್ಲಿ 'ರೀಸೆಂಡ್' ಎಂದು ಹಾಕು. ಖಾಸಗಿಯಾಗಿ ಮೇಂಟೇನರ್‌ಗೆ ಬರೆದು ಒತ್ತಾಯಿಸುವುದು, ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಸಂದೇಶ ಕಳಿಸುವುದು, ಇವೆರಡೂ ಬೇಡ.

• ಉತ್ತರ ಬಂದಾಗ ಅವರ ಮಾತಿನ ಕೆಳಗೇ ನಿನ್ನ ಮಾತು ಬರೆ, ಮೇಲೆ ಬರೆಯಬೇಡ. ಸಂಬಂಧವಿಲ್ಲದ ಭಾಗವನ್ನು ಕತ್ತರಿಸು. ನಾನೂರು ಸಾಲಿನ ಪ್ಯಾಚನ್ನು ಹಾಗೇ ಉಳಿಸಿಕೊಂಡು ಕಟ್ಟಕಡೆಗೆ "ಸರಿ" ಎಂದು ಬರೆದರೆ ಆ "ಸರಿ"ಗಾಗಿ ಹತ್ತಾರು ಜನ ಪುಟ ಉರುಳಿಸಬೇಕು. ಮೇಲ್‌ನಲ್ಲಿದ್ದ ಎಲ್ಲರಿಗೂ ಉತ್ತರ ಹೋಗಲಿ. ಅವರು ಎತ್ತಿದ ಒಂದೊಂದು ಪ್ರಶ್ನೆಗೂ ಉತ್ತರ ಕೊಡು. ಐದರಲ್ಲಿ ಮೂರಕ್ಕೆ ಉತ್ತರಿಸಿ ಎರಡನ್ನು ನುಂಗಿಕೊಂಡರೆ ಅವರು ಗಮನಿಸುತ್ತಾರೆ, ಮುಂದಿನ ಸಲ ನಿನ್ನ ಪ್ಯಾಚ್ ತೆರೆಯಲು ಮನಸ್ಸು ಮಾಡುವುದಿಲ್ಲ.

ಒಪ್ಪಿಗೆಯಾಗದ ಮಾತಿಗೆ "ಹೂಂ" ಎನ್ನಬೇಡ. ದೊಡ್ಡವರ ಎದುರು ಮಾತಾಡಬಾರದು ಎಂದು ನಾವೇ ನಿಮಗೆ ಕಲಿಸಿದ್ದೇವೆ, ಇಲ್ಲಿ ಅದು ನಡೆಯುವುದಿಲ್ಲ. ಆ ಚಿಪ್ ನಿನ್ನ ಮೇಜಿನ ಮೇಲಿದೆ, ಅವರ ಹತ್ತಿರ ಇಲ್ಲ. ನೀನು ಅಳೆದು ನೋಡಿದ್ದನ್ನು ಅಂಕಿಯ ಸಮೇತ ಹೇಳು. ತಪ್ಪು ನಿನ್ನದೇ ಆಗಿದ್ದರೆ ಒಂದೇ ಸಾಲಿನಲ್ಲಿ ಒಪ್ಪಿಕೊಂಡು ಮುಂದೆ ಹೋಗು.

• ಗದರಿಸಿದರೆ ಅವತ್ತೇ ಉತ್ತರ ಬರೆಯಬೇಡ. ಹಿಂದೆ ಇಲ್ಲಿನ ಮಾತು ತುಂಬಾ ಒರಟಾಗಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಸ್ವತಃ ಲೀನಸ್ ತಮ್ಮ ಒರಟು ಮೇಲ್‌ಗಳಿಗಾಗಿ ಕ್ಷಮೆ ಕೇಳಿ ಕೆಲಕಾಲ ರಜೆಯ ಮೇಲೆ ಹೋದರು, ಆಗಲೇ ಕರ್ನಲ್‌ಗೆ ನಡವಳಿಕೆಯ ಸಂಹಿತೆಯೂ ಬಂತು. ಅದು ಆಗಬೇಕಿತ್ತು ಎಂಬುದೇ ನನ್ನ ಅಭಿಪ್ರಾಯ. ಒರಟುತನದಿಂದ ಕೋಡ್ ಒಳ್ಳೆಯದಾಗುತ್ತದೆ ಎಂಬ ವಾದವನ್ನು ನಾನು ಯಾವತ್ತೂ ಒಪ್ಪಲಿಲ್ಲ. ಈಗ ಬಹಳ ಮೃದುವಾಗಿದೆ. ಆದರೂ "ಇದು ತಪ್ಪು" ಎಂಬ ಎರಡೇ ಪದದ ಉತ್ತರ ಬರಬಹುದು. ದಿನಕ್ಕೆ ನೂರಾರು ಮೇಲ್ ಓದುವವರ ಚುಟುಕು ಅದು, ಸಿಟ್ಟೆಂದು ಎಣಿಸಬೇಡ. ನಿಜವಾಗಿ ಅವಮಾನಿಸಿದರೆ ನನಗೆ ಹೇಳು. ಮತ್ತೆ, ನೀನು ಸಿಟ್ಟಿನಲ್ಲಿ ಬರೆದದ್ದೂ ಮೇಲಿಂಗ್ ಲಿಸ್ಟಿನ ಕಡತದಲ್ಲಿ ಅಳಿಸಲಾಗದೆ ಉಳಿಯುತ್ತದೆ. ಇಪ್ಪತ್ತು ವರ್ಷದ ಹಿಂದೆ ನಾನು ಬರೆದ ಮೇಲ್‌ಗಳು ಈಗಲೂ ಯಾರು ಹುಡುಕಿದರೂ ಸಿಗುತ್ತವೆ.

• ಎರಡನೇ ಆವೃತ್ತಿ ಕಳಿಸುವಾಗ ಸಬ್ಜೆಕ್ಟ್‌ನಲ್ಲಿ 'ವಿ2' ಇರಲಿ. ಬದಲಾದ ಒಂದನ್ನೇ ಕಳಿಸದೆ ಇಡೀ ಸೀರೀಸ್ ಕಳಿಸು. ಹಳೆಯ ಮೇಲ್‌ಗೆ ಉತ್ತರವಾಗಿ ಕೂರಿಸದೆ ಹೊಸದಾಗಿ ಶುರುಮಾಡಿ, ಹಳೆಯದರ ಕೊಂಡಿ ಕೊಡು. ಯಾರ ಸಲಹೆಯಿಂದ ಏನು ಬದಲಾಯಿತು ಎಂಬ ಪಟ್ಟಿ ಮೂರು ಗೆರೆಯ ಕೆಳಗೆ ಬರಲಿ. ಕೊಟ್ಟವರ ರಿವ್ಯೂಡ್-ಬೈ ಸಾಲುಗಳನ್ನು ನೀನೇ ಹೊತ್ತು ತರಬೇಕು, ಆದರೆ ಆ ಪ್ಯಾಚ್ ಗುರುತು ಸಿಗದಷ್ಟು ಬದಲಾಗಿದ್ದರೆ ತೆಗೆದುಹಾಕಿ, ತೆಗೆದಿದ್ದೇನೆ ಎಂದು ಹೇಳು. ಒಬ್ಬರ ಮಾತು ಬಂತೆಂದು ಅರ್ಧ ಗಂಟೆಯಲ್ಲಿ ವಿ2, ಸಂಜೆಗೆ ವಿ3 ಕಳಿಸಬೇಡ. ಉಳಿದವರಿಗೂ ಓದಲು ಬಿಡು. ನೆಟ್‌ವರ್ಕಿಂಗ್‌ನವರು ಎರಡು ಆವೃತ್ತಿಗಳ ನಡುವೆ 24 ಗಂಟೆ ಕಾಯಿರಿ ಎಂದು ಬರೆದೇ ಇಟ್ಟಿದ್ದಾರೆ.

• ಭದ್ರತೆಯ ತೂತು ಕಂಡರೆ ಕಳಿಸುವ ದಾರಿಯೇ ಬೇರೆ. ಎಲ್ಲರಿಗೂ ಕಾಣುವ ಕಡೆ ಹಾಕದೆ ಕರ್ನಲ್‌ನ ಭದ್ರತಾ ತಂಡಕ್ಕೆ ಗುಟ್ಟಾಗಿ ತಿಳಿಸು.

• ನೀನು ಪಡೆದ ಅರ್ಧ ಗಂಟೆಗಳನ್ನು ತೀರಿಸು. ವಾರಕ್ಕೆ ಒಂದಾದರೂ ಬೇರೆಯವರ ಪ್ಯಾಚ್ ಓದು, ನಿನ್ನ ಹತ್ತಿರ ಆ ಯಂತ್ರವಿದ್ದರೆ ಓಡಿಸಿ ನೋಡಿ 'ಟೆಸ್ಟೆಡ್-ಬೈ' ಕೊಡು. ಬರೆಯುವವರು ಬೇಕಾದಷ್ಟಿದ್ದಾರೆ, ಓದುವವರು ಸಾಲದು. ಬೆಂಗಳೂರಿನಲ್ಲಿ ಕೂತು ಕರ್ನಲ್‌ಗೆ ಕೋಡ್ ಕಳಿಸುವ ನಮ್ಮವರು ತುಂಬಾ ಜನ ಇದ್ದಾರೆ, ಬೇರೆಯವರದ್ದನ್ನು ಓದಿ ಮಾತಾಡುವವರು ಅಷ್ಟಿಲ್ಲ ಎಂಬ ಕೊರಗು ನನಗೆ ಈಗಲೂ ಇದೆ.

ಇಷ್ಟೆಲ್ಲ ಓದಿ ಹೆದರಿಕೊಂಡು ಪ್ಯಾಚನ್ನು ಡ್ರಾಯರ್‌ನಲ್ಲಿ ಇಟ್ಟುಬಿಡಬೇಡ. ಈ ವಾರವೇ ಕಳಿಸು. ಗೆಟ್-ಮೇಂಟೇನರ್ ಕೊಟ್ಟ ಪಟ್ಟಿಯ ಕೊನೆಗೆ, ಸಿಸಿಯಲ್ಲಿ, ನನ್ನ ವಿಳಾಸವನ್ನೂ ಸೇರಿಸು.